ಅಪ್ಪಣೆ ಕೇಳಿ ಕೀಳುವ ಗಿಡ

ನಿಮ್ಮ ಮನೆಯ ಗೋಡೆಯಲ್ಲಿ ಎಂದಾದರೂ ಅರಳಿಯ ಗಿಡ ಹುಟ್ಟಿದ್ದುಂಟೆ? ಹುಟ್ಟಿರದಿದ್ದರೆ ನೀವು ಪುಣ್ಯವಂತರು. ಹುಟ್ಟಿದ್ದರೆ, ನಾನು ಈ ಹೊತ್ತು ಹೇಳಹೊರಟಿರುವ ಪೇಚು ನಿಮಗೆ ಹೊಸದಲ್ಲ.

ವಿಜಯನಗರದ ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ತೊಟ್ಟಿಯ ಬುಡದಲ್ಲಿ, ಒಂದು ಮಳೆಗಾಲದಲ್ಲಿ ಎರಡೆಲೆಯ ಸಸಿಯೊಂದು ತಲೆಯೆತ್ತಿತು. ಎಳೆಯ ಕೆಂಪು ಬಣ್ಣ, ತುದಿಗೆ ಉದ್ದನೆಯ ಬಾಲ. ನೋಡಿದೊಡನೆಯೇ ಗುರುತು ಸಿಕ್ಕಿತು. ಚಿಗುಟಿ ಎಸೆಯೋಣವೆಂದು ಬಗ್ಗಿದೆ. ಹಪ್ಪಳ ಒಣಗಿಸಲು ಬಂದಿದ್ದ ನಮ್ಮ ತಾಯಿ ಅಲ್ಲಿಂದಲೇ ಕೂಗಿದರು: “ಬೇಡ ಕಣೋ, ಮುಟ್ಟಬೇಡ. ಅಶ್ವತ್ಥ ಅದು. ಯಾರೂ ನೆಟ್ಟಿದ್ದಲ್ಲ, ತಾನಾಗಿ ಬಂದಿದೆ.” ನಾನು ಕೈ ಹಿಂತೆಗೆದೆ. ಮಾರನೆಯ ವರ್ಷದ ಹೊತ್ತಿಗೆ ಗಿಡ ಮೊಳದುದ್ದವಾಯಿತು. ಗೋಡೆ ಬಿರುಕು ಬಿಟ್ಟಿತು. ಅಡುಗೆಮನೆಯ ಸೂರಿನಿಂದ ಒಗ್ಗರಣೆಗೆ ಸರಿಯಾಗಿ ನೀರು ತೊಟ್ಟಿಕ್ಕತೊಡಗಿತು. ಗಾರೆಯವನನ್ನು ಕರೆಸಿದೆ. ಆತ ಬಿರುಕನ್ನು ನೋಡಿದ, ಕೂಲಿ ಹೇಳಿದ, ನಾನು ಒಪ್ಪಿದೆ. ಆಮೇಲೆ ತೊಟ್ಟಿಯ ಹಿಂದಕ್ಕೆ ಹೋಗಿ ಗಿಡವನ್ನು ಕಂಡವನೇ ಕರಣೆಯನ್ನು ಬಾಂಡ್ಲಿಗೆ ಹಾಕಿಬಿಟ್ಟ. “ಗೋಡೆ ಬೇಕಾದ್ರೆ ಪೂರ್ತಿ ಒಡೀತೀನಿ ಸ್ವಾಮಿ. ಈ ಗಿಡಕ್ಕೆ ಮಾತ್ರ ಕೈ ಹಾಕಾಕಿಲ್ಲ. ಮನೇಲಿ ಮಕ್ಕಳವೆ.”

ಮನೆಯೊಳಗೆ ತಾಯಿ, ಮನೆಯ ಹೊರಗೆ ಗಾರೆಯವನು. ನಡುವೆ ನಾನು, ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದ ಮೇಷ್ಟ್ರು. “ಇದೆಲ್ಲ ಮೂಢನಂಬಿಕೆ” ಎಂದು ಒಂದು ಮಾತಿನಲ್ಲಿ ಹೇಳಿ ಕತ್ತಿ ಹಿಡಿಯಬಹುದಾಗಿತ್ತು. ಹಿಡಿಯಲಿಲ್ಲ. ಏಕೆ ಹಿಡಿಯಲಿಲ್ಲವೆಂದು ಯೋಚಿಸುತ್ತ ಹೋದದ್ದೇ ಈ ಭಾಷಣಕ್ಕೆ ವಸ್ತುವಾಯಿತು.

ಪಂಡಿತ ಪರೀಕ್ಷೆಗೆ ಓದಿದವನಿಗೆ ಯಾವ ಸಂಕಟದಲ್ಲೂ ಮೊದಲು ನೆನಪಾಗುವುದು ನಿಘಂಟು. ಅಶ್ವತ್ಥವೆಂದರೆ ‘ನಾಳೆ ನಿಲ್ಲದ್ದು’ ಎಂದು ಹಿಂದಿನವರು ಬಿಡಿಸಿ ಅರ್ಥ ಹೇಳುತ್ತಾರೆ. ಸಂಸಾರಕ್ಕೆ ಅದು ಉಪಮೆ. ನಮ್ಮ ಮನೆಯಲ್ಲಿ ಅದು ತಾನು ನಿಂತು, ಗೋಡೆಯನ್ನೇ ನಾಳೆ ನಿಲ್ಲದ ಹಾಗೆ ಮಾಡಿತ್ತು. ಆಲಕ್ಕೆ ನ್ಯಗ್ರೋಧವೆಂದು ಹೆಸರು, ಕೆಳಮುಖವಾಗಿ ಬೆಳೆಯುವುದರಿಂದ. ಅಮರಕೋಶದಲ್ಲಿ ಇನ್ನೊಂದು ಸೊಗಸಾದ ವಿವರವಿದೆ. ಹೂ ಬಿಟ್ಟು ಕಾಯಿ ಬಿಡುವ ಮರ ವಾನಸ್ಪತ್ಯ. ಹೂವಿಲ್ಲದೆಯೇ ಹಣ್ಣು ಬಿಡುವುದು ವನಸ್ಪತಿ. ಆಲ, ಅರಳಿ, ಅತ್ತಿ, ಬಸರಿ ಇವೇ ಆ ವನಸ್ಪತಿಗಳು. ನಾವೀಗ ವನಸ್ಪತಿಯೆಂದರೆ ಡಬ್ಬದ ತುಪ್ಪವನ್ನು ನೆನೆಯುತ್ತೇವೆ, ಇರಲಿ. ಅತ್ತಿಯ ಹೂವನ್ನು ಕಂಡವರಿಲ್ಲ, ಅದು ನಡುರಾತ್ರಿ ಅರಳಿ ಬೆಳಗಿನೊಳಗೆ ಮಾಯವಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಸಸ್ಯಶಾಸ್ತ್ರಜ್ಞರು ಆ ಹೂವನ್ನು ಕಂಡುಬಿಟ್ಟಿದ್ದಾರೆ. ನಾವು ಹಣ್ಣು ಎನ್ನುವ ಆ ಗುಂಡಿನ ಒಳಗೋಡೆಯ ತುಂಬ ಇರುವ ಸೂಕ್ಷ್ಮವಾದ ಎಳೆಗಳೇ ಹೂಗಳು. ತುದಿಯ ಕಿರುಕಂಡಿಯಿಂದ ಸೊಳ್ಳೆಗಿಂತ ಚಿಕ್ಕದಾದ ಒಂದು ಕಣಜ ಒಳಹೊಕ್ಕು ಪರಾಗವನ್ನು ಮುಟ್ಟಿಸುತ್ತದೆ. ಅಲ್ಲಿಯೇ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅತ್ತಿಯ ಕಣಜ ಆಲಕ್ಕೆ ಹೋಗದು, ಆಲದ್ದು ಅರಳಿಗೆ ಹೋಗದು. ಈ ಕಣಜಗಳಿಗೆ ವರ್ಷದುದ್ದಕ್ಕೂ ಎಲ್ಲಾದರೂ ಮನೆ ಬೇಕಲ್ಲ? ಆದ್ದರಿಂದ ಈ ಜಾತಿಯ ಮರಗಳು ಎಲ್ಲವೂ ಒಂದೇ ತಿಂಗಳಲ್ಲಿ ಹಣ್ಣಾಗುವುದಿಲ್ಲ. ಇಂದು ಈ ಬೀದಿಯ ಮರ, ಮುಂದಿನ ತಿಂಗಳು ಆ ಬೀದಿಯದು. ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿ ಕೋಗಿಲೆಗೆ, ಗೊರವಂಕಕ್ಕೆ, ಕುಟ್ರುಹಕ್ಕಿಗೆ, ಬಾವಲಿಗೆ ಇವೇ ಅನ್ನಸತ್ರಗಳು. ಊಟ ಮಾಡಿದ ಅತಿಥಿಗಳಲ್ಲಿ ಒಬ್ಬರು ನಮ್ಮ ನೀರಿನ ತೊಟ್ಟಿಯ ಮೇಲೆ ಕುಳಿತು ಹೋಗಿದ್ದರ ಫಲವೇ ನಮ್ಮ ಗಿಡ. ‘ತಾನಾಗಿ ಬಂದಿದೆ’ ಎಂಬ ಅಮ್ಮನ ಮಾತಿಗೆ ಇಷ್ಟು ಭಾಷ್ಯ.

ಈ ಮರಗಳನ್ನು ಕಡಿಯಬಾರದೆಂದು ವಿಧಿಸಿದವರಿಗೆ ಕಣಜದ ಸಂಗತಿ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ‘ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು’ ಎನ್ನುವ ವಾದ ನನಗೆ ಎಂದೂ ರುಚಿಸಿಲ್ಲ. ಅವರು ಮರದ ಕೆಳಗೆ ನಿಂತರು, ಮೇಲೆ ಅಷ್ಟೊಂದು ಜೀವಗಳ ಸಂತೆಯನ್ನು ಕಂಡರು, ಇಲ್ಲಿ ಯಾರೋ ಇದ್ದಾರೆ ಎಂದುಕೊಂಡರು. ಅಷ್ಟೆ.

ಆ ‘ಯಾರೋ’ ನಮ್ಮ ಕಡೆ ಹೆಚ್ಚಾಗಿ ಮುನೇಶ್ವರ. ಕೆಂಗೇರಿ ದಾಟಿ ರಾಮೋಹಳ್ಳಿಯ ಹಾದಿ ಹಿಡಿದರೆ ದೊಡ್ಡ ಆಲದ ಮರ ಸಿಗುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ‘ಮೂರು ಎಕರೆ, ನಾನೂರು ವರ್ಷ’ ಎಂದು ಬರೆಸುತ್ತೇವೆ. ಅದರ ತಾಯಿಬೊಡ್ಡೆ ರೋಗ ತಗುಲಿ ಅಳಿದುಹೋಗಿದೆ; ಈಗ ನಾವು ನೋಡುವುದು ಬಿಳಲುಗಳೇ ಬೊಡ್ಡೆಗಳಾಗಿ ನಿಂತ ಒಂದು ಸಂಸಾರವನ್ನು. ಆ ನೆರಳಿನಲ್ಲಿಯೂ ಮುನೇಶ್ವರನಿಗೆ ಗುಡಿಯುಂಟು. ಅಷ್ಟು ದೂರವೇಕೆ, ರಾಜಾಜಿನಗರ ಬಸವೇಶ್ವರನಗರಗಳ ಬೀದಿಗಳಲ್ಲಿ ತಿರುಗಿ ನೋಡಿ. ಡಾಂಬರು ರಸ್ತೆ ನೆಟ್ಟಗೆ ಬಂದು, ಒಂದು ಮರದ ಬಳಿ ವಿನಯದಿಂದ ಪಕ್ಕಕ್ಕೆ ಸರಿದು ಮುಂದೆ ಹೋಗಿರುತ್ತದೆ. ಮರದ ಬುಡದಲ್ಲಿ ಅರಿಸಿನ ಬಳಿದ ಕಲ್ಲು, ಒಂದು ತ್ರಿಶೂಲ. ಇಂಜಿನಿಯರು ಬಗ್ಗಿಸಲಾರದ ನಕ್ಷೆಯನ್ನು ಮುನಿಯಪ್ಪ ಬಗ್ಗಿಸಿದ್ದಾನೆ. ಚಿಕ್ಕಂದಿನಲ್ಲಿ ನಮಗೆ ಹೇಳುತ್ತಿದ್ದರು: ಉರಿಬಿಸಿಲಿನ ಹೊತ್ತು ಆ ಮರದ ಕೆಳಗೆ ಮಲಗಬೇಡ, ಅಲ್ಲಿ ಮೂತ್ರಕ್ಕೆ ಕೂರಬೇಡ, ಕೂತರೆ ಮೈ ಊದುತ್ತದೆ.

ಈಚೆಗೆ ನಾನು ಓದುತ್ತಿದ್ದಾಗ ಇದೇ ಮಾತು ಬಹು ದೂರದ ಒಂದು ದ್ವೀಪದಿಂದ ಕೇಳಿಬಂದು ಬೆರಗಾದೆ. ಪೆಸಿಫಿಕ್ ಸಾಗರದ ಪಶ್ಚಿಮಕ್ಕೆ ಮರಿಯಾನ ದ್ವೀಪಗಳಿವೆ. ಅವುಗಳಲ್ಲಿ ದೊಡ್ಡದು ಗುವಾಮ್. ಅಲ್ಲಿಯ ಮೂಲನಿವಾಸಿಗಳು ಚಮೊರೊ ಜನ. 1521ರಲ್ಲಿ ಮೆಗಲನ್ನನ ಹಡಗುಗಳು ಅಲ್ಲಿಗೆ ಬಂದವು. 1668ರಲ್ಲಿ ಸ್ಪೇನಿನ ಪಾದ್ರಿಗಳು ಬಂದರು. 1898ರಲ್ಲಿ ದ್ವೀಪ ಅಮೆರಿಕದ ಕೈಸೇರಿತು. ಎರಡನೆಯ ಮಹಾಯುದ್ಧದಲ್ಲಿ ಎರಡೂವರೆ ವರ್ಷ ಜಪಾನಿನ ಹಿಡಿತದಲ್ಲಿತ್ತು. ಜನ ಮುನ್ನೂರು ವರ್ಷಗಳಿಂದ ಕ್ರೈಸ್ತರು. ಆದರೂ ಅವರ ಆಲದ ಮರದಲ್ಲಿ ಇನ್ನೂ ‘ಯಾರೋ’ ಇದ್ದಾರೆ! ಆಲಕ್ಕೆ ಅವರು ‘ನುನು’ ಎನ್ನುತ್ತಾರೆ. ಅದರಲ್ಲಿ ನೆಲೆಸಿದವರಿಗೆ ‘ತಾವೊತಾವೊಮೋನ’ ಎಂದು ಹೆಸರು; ‘ಮುಂಚಿನ ಜನ’ ಎಂದು ಅರ್ಥ. ಕಾಡಿನೊಳಕ್ಕೆ ಕಾಲಿಡುವ ಮುನ್ನ, ಒಂದು ಸೊಪ್ಪು ಕೀಳುವ ಮುನ್ನ, ಮೂತ್ರಕ್ಕೆ ಹೋಗುವ ಮುನ್ನವೂ ಅವರ ಅಪ್ಪಣೆ ಕೇಳಬೇಕು. ಅಜ್ಜಿಯರೇ, ತಾತಂದಿರೇ, ನಿಮ್ಮ ನೆಲದಲ್ಲಿ ಹಾದುಹೋಗಲು ಬಿಡಿ. ನೀವು ನಮ್ಮ ನೆಲಕ್ಕೆ ಬಂದಾಗ ನೀವೂ ಹಾಗೆಯೇ ಹಾದುಹೋಗಬಹುದು ಎಂಬ ಅರ್ಥದ ಮಾತನ್ನು ಹೇಳುತ್ತಾರೆ. ಹೇಳದೆ ಹೋದವನಿಗೆ ಮೈ ಊದುತ್ತದೆ, ಚಿವುಟಿದ ಗುರುತು ಮೂಡುತ್ತದೆ. ನಮ್ಮ ಮುನಿಯಪ್ಪನೂ ಅವರ ತಾತಂದಿರೂ ಒಂದೇ ಗುರುಕುಲದಲ್ಲಿ ಓದಿದವರೋ ಏನೋ!

ಆದರೆ ಆ ದ್ವೀಪದ ಕಥೆಯಲ್ಲಿ ಮುಂದಿನ ಭಾಗ ನಗುವಂಥದಲ್ಲ. ಗುವಾಮಿನಲ್ಲಿ ಮೊದಲು ಇದ್ದ ಹಾವೆಂದರೆ ಎರೆಹುಳುವಿನಂತೆ ಮಣ್ಣಿನಲ್ಲಿ ಬದುಕುವ ಒಂದು ಕುರುಡುಹಾವು ಮಾತ್ರ. ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಸಾಮಾನುಗಳ ನಡುವೆ ಅಡಗಿ ಕಂದುಬಣ್ಣದ ಒಂದು ಮರಹಾವು ಬಂದು ಸೇರಿತು. ಹಾವನ್ನು ಅರಿಯದ ಹಕ್ಕಿಗಳು ಗೂಡಿನಲ್ಲಿಯೇ ತುತ್ತಾದವು. 1980ರ ದಶಕದ ಹೊತ್ತಿಗೆ ಅಲ್ಲಿಯ ಕಾಡುಹಕ್ಕಿಗಳಲ್ಲಿ ಬಹುಪಾಲು ಇಲ್ಲವಾದವು. ‘ಸಿಹೆಕ್’ ಎಂಬ ಅವರ ಮಿಂಚುಳ್ಳಿ 1988ರಷ್ಟರಲ್ಲಿ ಕಾಡಿನಿಂದ ಪೂರ್ತಿ ಮರೆಯಾಯಿತು. ಉಳಿದಿದ್ದ ಕೆಲವನ್ನು ಮೊದಲೇ ಹಿಡಿದು ಪ್ರಾಣಿಸಂಗ್ರಹಾಲಯಗಳಲ್ಲಿ ಸಾಕಿದ್ದರಿಂದ ವಂಶ ಉಳಿಯಿತು. 2024ರಲ್ಲಿ ಒಂಬತ್ತು ಹಕ್ಕಿಗಳನ್ನು ಪಾಮೈರಾ ಎಂಬ ಇನ್ನೊಂದು ದೂರದ ದ್ವೀಪದಲ್ಲಿ ಹೊರಬಿಟ್ಟರು. ಹಕ್ಕಿಗಳು ಹೋದ ಮೇಲೆ ಗುವಾಮಿನ ಕಾಡಿನಲ್ಲಿ ಜೇಡಗಳು ವಿಪರೀತ ಹೆಚ್ಚಿದುವಂತೆ. ಬೀಜ ಹೊತ್ತು ಹಾಕುವವರಿಲ್ಲದೆ ಹೊಸ ಸಸಿಗಳು ವಿರಳವಾದುವಂತೆ. ಇದನ್ನು ಓದಿದ ಸಂಜೆ ನಾನು ತಾರಸಿಗೆ ಹೋಗಿ ಆ ಅರಳಿಯ ಗಿಡದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಗೋಡೆಯಲ್ಲಿ ಗಿಡ ಹುಟ್ಟಬೇಕಾದರೆ ಊರಿನಲ್ಲಿ ಹಕ್ಕಿ ಇರಬೇಕು.

ಮುಂಚಿನ ಜನರ ಅಪ್ಪಣೆಯನ್ನು ಆ ಹಾವು ಕೇಳಲಿಲ್ಲ. ನಂಬಿಕೆ ಮನುಷ್ಯನ ಕೈಯನ್ನು ತಡೆಯಬಲ್ಲುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು.

ತಡೆದಲ್ಲಿ ಎಷ್ಟು ಚೆನ್ನಾಗಿ ತಡೆದಿದೆ ಎಂಬುದಕ್ಕೆ ಮೈಸೂರು ರಸ್ತೆಯಲ್ಲಿಯೇ ಮುಂದೆ ಹೋಗಿ ಮದ್ದೂರಿನ ಸಮೀಪದ ಕೊಕ್ಕರೆ ಬೆಳ್ಳೂರನ್ನು ನೋಡಬೇಕು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಚಳಿಗಾಲದ ಕೊನೆಗೆ ಬಂದು ಹಿತ್ತಲಿನ ಹುಣಿಸೆಮರಗಳಲ್ಲಿ, ಆಲ ಅರಳಿಗಳಲ್ಲಿ ಗೂಡು ಕಟ್ಟುತ್ತವೆ. ಊರಿನ ಹೆಂಗಸರ ಕಣ್ಣಿಗೆ ಅವು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು. ಬಾಣಂತಿಯನ್ನು ಕಲ್ಲು ಹೊಡೆದು ಓಡಿಸುವವರುಂಟೆ? ಹುಣಿಸೆಯ ಫಸಲು ಹಾಳಾದರೂ ಸಹಿಸಿದರು. ಹಿಕ್ಕೆಯ ಗೊಬ್ಬರ ಹೊಲಕ್ಕೆ ಬಂತೆನ್ನಿ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಅದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಕಾಪಾಡುವ ಕೆಲಸವನ್ನು ಹಳ್ಳಿಯವರು ಅದಕ್ಕೆ ಎಷ್ಟೋ ಕಾಲ ಮುಂಚಿನಿಂದ ಮಾಡುತ್ತಿದ್ದರು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ದಕ್ಷಿಣ ಕನ್ನಡದಲ್ಲಿ ಮನೆತನಕ್ಕೊಂದು ನಾಗಬನ. ಅವುಗಳ ಪ್ರಸ್ತಾಪವನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ಅವು ಎಲ್ಲರ ಬಾಯಲ್ಲೂ ಇವೆ. ಹೇಳಬೇಕಾದ ಅಹಿತದ ಮಾತು ಇನ್ನೊಂದಿದೆ.

ನಂಬಿಕೆ ಕಾಯುವ ಹಾಗೆಯೇ ಕೊಲ್ಲುತ್ತದೆ. ಕಾಡುಪಾಪವನ್ನು ನೀವು ನೋಡಿದ್ದೀರಾ? ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ತುಮಕೂರಿನ ಕಡೆಯ ಪೊದೆಗಳಲ್ಲಿದೆ. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ರಾತ್ರಿ ಹುಳು ಹುಪ್ಪಟೆ ಹಿಡಿಯುತ್ತ ಓಡಾಡುತ್ತದೆ. ಯಾರಿಗೂ ಎರಡು ಬಗೆದದ್ದಲ್ಲ. ಆದರೆ ಅದರ ಕಣ್ಣಿನಿಂದ ವಶೀಕರಣದ ಮದ್ದಾಗುತ್ತದೆಂದು ಯಾರೋ ಎಂದೋ ಹೇಳಿದರು. ಅಂದಿನಿಂದ ಆ ದೊಡ್ಡ ಕಣ್ಣುಗಳೇ ಅದಕ್ಕೆ ಮೃತ್ಯುವಾದವು. ನೆರೆಯ ತಮಿಳುನಾಡು 2022ರಲ್ಲಿ ಕಡವೂರಿನ ಸೀಮೆಯಲ್ಲಿ ಈ ಪ್ರಾಣಿಗೆಂದೇ ಒಂದು ಅಭಯಾರಣ್ಯವನ್ನು ಘೋಷಿಸಿತು. ಮಣ್ಣುಮುಕ್ಕ ಹಾವಿನ ಗತಿಯೂ ಇದೇ. ಅದರ ಬಾಲ ಮೊಂಡು. ಶತ್ರು ಯಾವುದು ತಲೆಯೆಂದು ತಿಳಿಯದೆ ಮೋಸಹೋಗಲಿ ಎಂದು ಪ್ರಕೃತಿ ಹಾಗೆ ಮಾಡಿದೆ. ಮೋಸಹೋದವನು ಮನುಷ್ಯ. ‘ಎರಡು ತಲೆ ಹಾವು’ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆಂದು ಲಕ್ಷಗಟ್ಟಲೆ ಹಣಕ್ಕೆ ಕದ್ದು ಮಾರುವವರನ್ನು ನಮ್ಮ ನಗರದ ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಕೊಳ್ಳಲು ಬರುವವರು ಅಕ್ಷರ ಬಾರದವರೆಂದು ತಿಳಿಯಬೇಡಿ. ಗೂಬೆಯೂ ಹೀಗೆಯೇ. ಲಕ್ಷ್ಮಿಯ ವಾಹನವೆಂದು ಹಾಡುವವರೂ ನಾವೇ, ದೀಪಾವಳಿಯ ಅಮಾವಾಸ್ಯೆಗೆ ಅದನ್ನು ಬಲಿಗೆಂದು ಹುಡುಕುವವರೂ ನಮ್ಮ ನಡುವೆಯೇ ಇದ್ದಾರೆ.

ಇದರಲ್ಲಿ ಭಾಷೆಯ ಕೈವಾಡವೂ ಸ್ವಲ್ಪ ಇದೆ. ಕೆಂಬೂತವೆಂಬ ಹಕ್ಕಿಯನ್ನು ನೋಡಿ. ನವಿಲನ್ನು ಕಂಡು ತಾನೂ ಕುಣಿಯಹೋಯಿತೆಂದು ಗಾದೆಯಲ್ಲಿ ಅದಕ್ಕೆ ಅಪಹಾಸ್ಯ. ಅದೇ ಹಕ್ಕಿಗೆ ನಮ್ಮ ಸೀಮೆಯಲ್ಲಿ ರತ್ನಪಕ್ಷಿಯೆಂದೂ ಹೆಸರುಂಟು. ಮುಂಜಾನೆ ಅದರ ದರ್ಶನವಾದರೆ ಶುಭವೆಂದು ಕೈಮುಗಿಯುತ್ತಾರೆ. ಒಂದೇ ಹಕ್ಕಿ, ಒಂದೇ ಕೆಂಪು ರೆಕ್ಕೆ. ಅಂತೆಯೇ ಗೂಬೆಯ ಜಾತಿಗೇ ಸೇರಿದ ಪುಟ್ಟ ಹಾಲಕ್ಕಿ, ಬುಡುಬುಡಿಕೆಯವನ ಬಾಯಲ್ಲಿ ನುಡಿದರೆ ಮನೆಗೆ ಒಳ್ಳೆಯದಾಗುತ್ತದೆ. ಹೆಂಚಿನ ಮೇಲೆ ತಾನೇ ಕೂತು ನುಡಿದರೆ ಅಪಶಕುನ!

ಇನ್ನು ನಾಗರ ವಿಚಾರ. ಅರಳಿಯ ಕಟ್ಟೆಯ ಮೇಲೆ ನಾಗರಕಲ್ಲು, ಪಕ್ಕದಲ್ಲಿ ಅರಳಿಗೆ ಮದುವೆ ಮಾಡಿದ ಬೇವು. ಮಕ್ಕಳಿಲ್ಲದವರು ಹರಕೆ ಹೊತ್ತು ನಿಲ್ಲಿಸಿದ ಕಲ್ಲುಗಳು. ಅವುಗಳ ಮುಂದೆ ನಗುವ ಧೈರ್ಯ ನನಗಿಲ್ಲ. ಪ್ರತಿಯೊಂದು ಕಲ್ಲಿನ ಹಿಂದೆಯೂ ಒಂದು ಮನೆಯ ಕಣ್ಣೀರಿದೆ. ರಾಮೋಹಳ್ಳಿಯ ಮುಕ್ತಿನಾಗ ಕ್ಷೇತ್ರದಲ್ಲಿ ಏಳು ಹೆಡೆಯ ಏಕಶಿಲೆಯ ನಾಗನಿಗೆ ನಗರದಿಂದ ಬಂದು ಪೂಜೆ ಸಲ್ಲಿಸುವವರ ಸಾಲೇ ಇರುತ್ತದೆ. ಆದರೆ ಕೆಂಗೇರಿಯ ಸುತ್ತ, ವೃಷಭಾವತಿಯ ಎರಡೂ ದಂಡೆಗಳಲ್ಲಿ, ಗದ್ದೆ ತೋಟಗಳಿದ್ದಲ್ಲಿ ನಾವು ಮನೆ ಕಟ್ಟಿದ್ದೇವೆ. ಹೊಳೆ ಚರಂಡಿಯಾಗಿದೆ. ಹುತ್ತ ಕಳೆದುಕೊಂಡ ಹಾವು ಇಲಿಯ ವಾಸನೆ ಹಿಡಿದು ಮೋಟಾರು ನಿಲ್ಲಿಸುವ ಕೊಠಡಿಗೆ ಬಂದರೆ ಪಂಚಮಿಯಂದು ಹಾಲೆರೆದ ಕೈಯೇ ದೊಣ್ಣೆ ಹುಡುಕುತ್ತದೆ. ಕಲ್ಲಿನ ನಾಗ, ನಿಜದ ನಾಗ ಎಂದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಆಡಿದ ಮಾತು ನಿಮಗೆಲ್ಲ ಕಂಠಪಾಠವಾಗಿದೆ. ಅವರ ಹೆಸರಿನ ಬಡಾವಣೆಯಲ್ಲಿ ನಿಂತು ಅದನ್ನು ಮತ್ತೆ ಹೇಳಲು ನನಗೆ ಸಂಕೋಚ.

ಹಾಲಿನ ಮಾತು ಬಂದದ್ದರಿಂದ ಒಂದು ಸಂಗತಿ. ಹಾವಿಗೆ ಹಾಲು ಆಹಾರವಲ್ಲ. ಅದು ಅದಕ್ಕೆ ಅರಗದು. ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುತ್ತಿದ್ದುದು, ದಿನಗಟ್ಟಲೆ ನೀರಿಲ್ಲದೆ ಕೆಡವಿ ತಂದಿರುತ್ತಿದ್ದುದರಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರಹಾವನ್ನು ಹೀಗೆ ಹಿಡಿದಿಡುವುದೇ ಅಪರಾಧ. ಹುತ್ತಕ್ಕೆ ಸುರಿದ ಹಾಲು ಇರುವೆಯನ್ನು ಕರೆಯುತ್ತದೆಯೇ ಹೊರತು ನಾಗನನ್ನಲ್ಲ. ಮನೆಯಂಗಳದಲ್ಲಿ ಸರಕ್ಕನೆ ಹರಿಯುವ ನುಣುಪು ಮೈಯ ಹಾವುರಾಣಿಗೆ ವಿಷವೇ ಇಲ್ಲ. ಅದು ಹಲ್ಲಿಯ ನೆಂಟ. ಕೇರೆಹಾವಿಗೂ ವಿಷವಿಲ್ಲ, ಒಂದು ಕೇರೆ ಇದ್ದರೆ ಆ ಹಿತ್ತಲಿಗೆ ಇಲಿಯ ಬಾಧೆ ಕಡಿಮೆ. ಇಷ್ಟನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ತಲೆದೂಗುತ್ತಾರೆ. ಮನೆಗೆ ಹೋಗಿ ಹೇಳಿದ ಒಬ್ಬ ಹುಡುಗನಿಗೆ ಅವನ ಅಜ್ಜಿಯಿಂದ ತಲೆಯ ಮೇಲೊಂದು ಬಿತ್ತಂತೆ. ಅವನು ಅದನ್ನು ಮರುದಿನ ನನಗೆ ಒಪ್ಪಿಸಿದ. ಅಜ್ಜಿಯ ಪೆಟ್ಟಿಗೆ ನಾನೇ ಜವಾಬ್ದಾರನೆಂಬುದು ಅವನ ಮುಖದಲ್ಲಿತ್ತು.

ನಮ್ಮ ಗಿಡಕ್ಕೆ ಹಿಂದಿರುಗುತ್ತೇನೆ. ಗಾರೆಯವನು ಬಾಂಡ್ಲಿ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ಅಮ್ಮ ಅಡ್ಡ ನಿಂತು, “ಇರಪ್ಪ, ಅವಸರಪಡಬೇಡ” ಎಂದರು. ಸೂರಿನಿಂದ ತೊಟ್ಟಿಕ್ಕುವ ನೀರು ಅವರ ಒಲೆಯ ಮೇಲೆಯೇ ಬೀಳುತ್ತಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಒಂದು ಲೋಟ ನೀರು, ಚಿಟಿಕೆ ಅರಿಸಿನ ಕುಂಕುಮ ತಂದರು. ಗಿಡದ ಬುಡಕ್ಕೆ ನೀರೆರೆದು, ಸೆರಗು ಹಿಡಿದು ನಿಂತು, ಮಂತ್ರವಲ್ಲ, ನಮ್ಮ ನಿಮ್ಮ ಮಾತಿನಲ್ಲಿಯೇ ಹೇಳಿದರು: “ಇದು ನಿನಗೆ ತಕ್ಕ ಜಾಗ ಅಲ್ಲಪ್ಪ. ಮನೆ ಉಳೀಬೇಕು. ಬೇರೆ ಕಡೆ ಇಡ್ತೀವಿ, ತಪ್ಪು ಅನ್ಕೋಬೇಡ.” ಆಮೇಲೆ ಗಾರೆಯವನಿಗೆ, “ಈಗ ಬೇರು ಕೆಡದ ಹಾಗೆ ತೆಗಿ” ಎಂದರು. ಆತ ಮರುಮಾತಾಡದೆ ಬಂದು, ನನ್ನ ಗೋಡೆಗೆ ಎಂದೂ ತೋರಿಸದಿದ್ದ ನಯದಿಂದ ಇಟ್ಟಿಗೆ ಬಿಡಿಸಿ ಗಿಡವನ್ನು ಹೊರತೆಗೆದ. ಅರ್ಧ ಬೇರು ಗೋಡೆಯಲ್ಲಿಯೇ ಉಳಿಯಿತು. ಗುವಾಮಿನ ತಾತಂದಿರ ವಿಚಾರವನ್ನು ಅಮ್ಮನಿಗೆ ನಾನು ಆಗ ಹೇಳಿರಲಿಲ್ಲ, ಮುಂದೆ ಹೇಳಿದಾಗ, “ಕೇಳದೆ ಕೀಳೋದುಂಟೇ?” ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಗಿಡ ಈಗ ತಾರಸಿಯ ಮೇಲೆ ಬಣ್ಣದ ಖಾಲಿ ಡಬ್ಬದಲ್ಲಿದೆ, ಏಳೆಂಟು ಎಲೆಗಳಾಗಿವೆ. ನೆಡಲು ಜಾಗ ಹುಡುಕುತ್ತಿದ್ದೇನೆ. ಉದ್ಯಾನದವರು ಬೇಡವೆಂದರು, ಬೇರು ಕಾಲುದಾರಿಯನ್ನು ಎಬ್ಬಿಸುತ್ತದಂತೆ. ಬೀದಿಯವರು ಬೇಡವೆಂದರು, ಮುಂದೆ ಕಟ್ಟೆಯಾಗುತ್ತದೆ, ಕಟ್ಟೆಯಾದರೆ ಜನ ಸೇರುತ್ತಾರಂತೆ. ರಾಮೋಹಳ್ಳಿಯ ಕಡೆ ತಮ್ಮ ತೋಟದ ಬೇಲಿಯಲ್ಲಿ ಇಟ್ಟುಕೊಳ್ಳುವೆನೆಂದು ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದ್ದಾರೆ. ಮಳೆ ಹಿಡಿದ ಮೇಲೆ ಕೊಂಡೊಯ್ಯಬೇಕು. ಗಾರೆಯವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಗೋಡೆಯ ಯೋಗಕ್ಷೇಮ ಕೇಳುವುದಿಲ್ಲ, “ಗಿಡ ಹೆಂಗೈತೆ ಸ್ವಾಮಿ?” ಎನ್ನುತ್ತಾನೆ.

ಮೊನ್ನೆ ನೀರಿನ ತೊಟ್ಟಿ ತೊಳೆಯಲು ಮೇಲೆ ಹೋಗಿದ್ದೆ. ಹೊಸ ಗಾರೆಯ ಅಂಚಿನಲ್ಲಿ ಕೆಂಪನೆಯ ಎರಡು ಎಲೆಗಳು ಕಂಡವು. ತುದಿಗೆ ಉದ್ದನೆಯ ಬಾಲ. ಅಮ್ಮನಿಗೆ ಇನ್ನೂ ಹೇಳಿಲ್ಲ.